ಮರದ ನೆಲ ಸರಿ, ಒರ್ಸೋದು ಯಾರು?

ಈ ಸಲ ಬಂದಿರೋ ಪತ್ರ, ಮೇಲ್, ವಾಟ್ಸಾಪ್ ಎಲ್ಲ ಹರಡ್ಕೊಂಡು ಕೂತ್ರೆ ಮುಕ್ಕಾಲು ಪಾಲು ವುಡನ್ ಫ್ಲೋರಿಂಗ್ ಬಗ್ಗೇನೇ ಇದೆ. ಮಕ್ಕಳಿರೋ ಮನೆ, ನಾಯಿ ಇರೋ ಮನೆ, ವಯಸ್ಸಾದವರಿರೋ ಮನೆ, ದಿನಾ ಯಾರಾದ್ರೂ ಬಂದು ಹೋಗ್ತಾನೇ ಇರೋ ಮನೆ. ಒಂದೇ ತರದ ಪ್ರಶ್ನೆಗಳನ್ನ ಒಟ್ಟು ಮಾಡಿ ಉತ್ತರ ಬರ್ದಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿರೋದ್ರಿಂದ ಊರು ಮಾತ್ರ ಹಾಕಿದೀವಿ.

ಪ್ರಶ್ನೆ: ನಮಸ್ತೆ ಸಾರ್. ಯಲಹಂಕದಲ್ಲಿ ಮೂರು ಬೆಡ್‌ರೂಮಿನ ಫ್ಲಾಟ್, ಈಗ ಪೂರ್ತಿ ವಿಟ್ರಿಫೈಡ್ ಟೈಲ್ಸ್ ಇದೆ. ಅತ್ತೆಗೆ ಚಳಿಗಾಲದಲ್ಲಿ ಟೈಲ್ಸ್ ಮೇಲೆ ಕಾಲಿಡೋಕೇ ಆಗಲ್ಲ. ಇಬ್ಬರು ಮಕ್ಕಳು, ಒಂದು ಲ್ಯಾಬ್ರಡಾರ್. ಟೈಲ್ಸ್ ಒಡೀದೆ ಅದರ ಮೇಲೇನೇ ವುಡನ್ ಹಾಕ್ಸೋಣ ಅಂತ. ಒಬ್ಬರು ಲ್ಯಾಮಿನೇಟ್ ಅಂತಾರೆ, ಇನ್ನೊಬ್ಬರು ಎಸ್‌ಪಿಸಿ ಅಂತಾರೆ, ನಮ್ಮವರಿಗೆ ಒರಿಜಿನಲ್ ಮರಾನೇ ಬೇಕಂತೆ. ಅಂಗಡೀಲಿ "ಮೇಡಂ ಇದು ವಾಟರ್‌ಪ್ರೂಫ್ ಲ್ಯಾಮಿನೇಟ್, ಎಸಿ ಫೋರ್, ಕಣ್ಮುಚ್ಚಿ ತಗೊಳ್ಳಿ" ಅಂದ್ರು. ತಗೋಬಹುದಾ?
— ಯಲಹಂಕ, ಬೆಂಗಳೂರು

ಉತ್ತರ: ಕಣ್ಣು ಬಿಟ್ಕೊಂಡೇ ತಗೊಳ್ಳಿ ಮೇಡಂ. ಅದಕ್ಕೂ ಮುಂಚೆ ನಂಗೊಂದು ಹೇಳಿ, ನಿಮ್ಮನೇಲಿ ನೆಲ ಒರ್ಸೋದು ಯಾರು, ಹೇಗೆ ಒರಸ್ತಾರೆ? ನಮ್ಮ ಕಡೆ ಮರದ ನೆಲ ಹಾಳಾಗೋದು ಮಕ್ಕಳ ಸೈಕಲ್ಲಿಂದ ಅಲ್ಲ, ನಾಯಿ ಉಗುರಿಂದಲೂ ಅಷ್ಟಲ್ಲ, ಹೆಚ್ಚಾಗಿ ಬಕೆಟ್ ನೀರಿಂದ. ಕೆಲಸದವರು ನಾಲ್ಕು ಮನೆ ಮುಗಿಸೋ ಅವಸರದಲ್ಲಿ ಮಾಪ್ ಅದ್ದಿ ಅರ್ಧ ಹಿಂಡಿ ಎಳೆದು ಫ್ಯಾನ್ ಹಾಕಿ ಹೋಗ್ತಾರೆ, ಅವರ ತಪ್ಪೇನಿಲ್ಲ, ಟೈಲ್ಸ್‌ಗೆ ಅದೇ ಸರಿ, ಆದ್ರೆ ಲ್ಯಾಮಿನೇಟ್ ಆದ್ರೆ ಪ್ರತಿ ಜಾಯಿಂಟಲ್ಲೂ ದಿನಾ ಒಂಚೂರು ಒಂಚೂರು ನೀರು ಇಳೀತಾ ಹೋಗಿ ಕೊನೆಗೆ ಹಲಗೆ ಅಂಚು ಉಬ್ಬಿ ಬರಿಗಾಲಿಗೆ ತಾಗೋಕೆ ಶುರುವಾಗತ್ತೆ. ಒಂದ್ಸಲ ಉಬ್ಬಿದ ಅಂಚು ಒಣಗಿದ್ರೂ ವಾಪಸ್ ಕೂರಲ್ಲ.

ಲ್ಯಾಮಿನೇಟ್ ಅಂದ್ರೆ ಮರ ಅಲ್ಲ ಅನ್ನೋದು ಗೊತ್ತಿರ್ಲಿ. ಮರದ ಪುಡಿಯನ್ನ ಒತ್ತಿ ಮಾಡಿರೋ ಎಚ್‌ಡಿಎಫ್ ಬೋರ್ಡು, ಅದರ ಮೇಲೆ ಮರದ ಫೋಟೋ ಪ್ರಿಂಟ್ ಮಾಡಿದ ಕಾಗದ, ಅದರ ಮೇಲೆ ಗಟ್ಟಿಯಾದ ಪಾರದರ್ಶಕ ಪದರ, ಅಷ್ಟೆ. ಆ ಮೇಲಿನ ಪದರದಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಇರತ್ತೆ, ಹಾಗಾಗಿ ಗೀರು ತಡ್ಕೊಳ್ಳೋದ್ರಲ್ಲಿ ಅದು ತೇಗಕ್ಕಿಂತ ಮುಂದೆ. ಎಸಿ ಥ್ರೀ, ಎಸಿ ಫೋರ್, ಎಸಿ ಫೈವ್ ಅನ್ನೋದು ಮೇಲ್ಮೈ ಎಷ್ಟು ಸವೆತ ತಡ್ಕೊಳ್ಳತ್ತೆ ಅನ್ನೋ ಲೆಕ್ಕ. ಓಡಾಟ ಜಾಸ್ತಿ ಇರೋ ಮನೆಗೆ ಎಸಿ ಫೋರ್ ಒಳ್ಳೇದೇ, ಆದ್ರೆ ಆ ನಂಬರ್ ನೋಡಿ ನೀರಿನ ಬಗ್ಗೆ ಧೈರ್ಯ ತಗೋಬೇಡಿ. ಇನ್ನು "ವಾಟರ್‌ಪ್ರೂಫ್" ಅಂತ ಬರ್ದಿರೋದ್ರ ಕೆಳಗೆ ಸಣ್ಣ ಅಕ್ಷರದಲ್ಲಿ 24 ಗಂಟೆ, 48 ಗಂಟೆ ಅಂತ ಏನೋ ಇರತ್ತೆ, ಓದಿ. ಮೇಲೆ ಚೆಲ್ಲಿದ ನೀರು ಅಷ್ಟು ಹೊತ್ತು ಇದ್ರೂ ಏನಾಗಲ್ಲ ಅಂತ ಅದರರ್ಥ, ವಾಷಿಂಗ್ ಮಷೀನ್ ಪೈಪ್ ಬಿಟ್ಕೊಂಡು ಕೆಳಗಡೆಯಿಂದ ನೀರು ನುಗ್ಗಿದ್ರೆ ಆ ಮಾತು ನಡಿಯಲ್ಲ. ಬೋರ್ಡಿನ ಒಳಗಡೆ ಹಸಿರು ಬಣ್ಣ ತೋರಿಸಿ ಇದು ನೀರಿಗೆ ಹೆದರಲ್ಲ ಅಂದ್ರೂ ನಂಬ್ಬೇಡಿ, ಅದು ಬರೀ ಬಣ್ಣ.

ಇದಕ್ಕೆಲ್ಲ ಮನೇಲೇ ಮಾಡೋ ಪರೀಕ್ಷೆ ಒಂದಿದೆ. ಅಂಗಡಿಯವರ ಹತ್ರ ಸ್ಯಾಂಪಲ್ ತುಂಡು ಕೇಳಿ, ಬ್ಲೇಡ್ ಹಾಕಿ ಕತ್ತರಿಸಿದ ಅಂಚು ಇರೋದೇ ಬೇಕು. ಒಂದು ಡಬ್ಬೀಲಿ ಅರ್ಧ ಮುಳುಗೋ ಹಾಗೆ ನೀರಲ್ಲಿ ನಿಲ್ಸಿ ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಒಣಗಿದ ಭಾಗದಿಂದ ನೆಂದ ಭಾಗದ ಕಡೆಗೆ ಹೆಬ್ಬೆರಳಲ್ಲಿ ಸವರ್ಕೊಂಡು ಬನ್ನಿ. ಮಾಮೂಲಿ ಮಾಲು ಆದ್ರೆ ನೀರಿನ ಗೆರೆ ಹತ್ರ ಒಂದು ಮೆಟ್ಟಿಲು ಹತ್ತಿದ ಹಾಗೆ ಬೆರಳಿಗೆ ಗೊತ್ತಾಗತ್ತೆ, ಅಂಚು ಹಪ್ಪಳದ ತರ ಬಿಚ್ಕೊಂಡಿರತ್ತೆ. ಒಳ್ಳೇದಾದ್ರೆ ಆ ಮೆಟ್ಟಿಲನ್ನ ಹುಡುಕಬೇಕಾಗತ್ತೆ. ಅಂಗಡಿಯವರು ಸ್ಯಾಂಪಲ್ ಕೊಡಲ್ಲ ಅಂದ್ರೆ ಬೇರೆ ಅಂಗಡಿ ನೋಡಿ.

ಎಸ್‌ಪಿಸಿ ಅಂದ್ರೆ ಸುಣ್ಣಕಲ್ಲಿನ ಪುಡಿ ಜೊತೆ ಪಿವಿಸಿ ಸೇರಿಸಿ ಮಾಡಿದ್ದು, ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್ ದಪ್ಪ. ನೀರಿಗೆ ಉಬ್ಬಲ್ಲ, ಗೆದ್ದಲು ತಿನ್ನಲ್ಲ. ಮೇಲಿನ ವೇರ್ ಲೇಯರ್ (ಸವೆತ ತಡೆಯೋ ಪದರ) ಎಷ್ಟು ಅಂತ ಕೇಳಿ, ನಾಯಿ ಮಕ್ಕಳು ಇರೋ ಮನೆಗೆ 0.5 ಮಿಲಿಮೀಟರ್ ಇರ್ಲಿ, 0.3 ಅಂದ್ರೆ ಗೆಸ್ಟ್ ರೂಮಿಗೆ ಸಾಕು. ತೊಂದರೆ ಏನಂದ್ರೆ ತೆಳು ಇರೋದ್ರಿಂದ ಕೆಳಗಿನ ನೆಲ ಸಮ ಇರ್ಲೇಬೇಕು, ಎರಡು ಮೀಟರ್ ಉದ್ದದ ಪಟ್ಟಿ ಇಟ್ಟು ನೋಡಿದ್ರೆ ಮೂರು ಮಿಲಿಮೀಟರಿಗಿಂತ ಜಾಸ್ತಿ ಸಂದಿ ಕಾಣಬಾರ್ದು. ಕಂಡ್ರೆ ಹಲಗೆಗೆ ಹಲಗೆ ಕೂರಿಸೋ ಕ್ಲಿಕ್ ಲಾಕ್ ಮುರ್ಕೊಳ್ಳತ್ತೆ, ಮೊದಲು ಟಕ್ ಟಕ್ ಶಬ್ದ, ಆಮೇಲೆ ಸಂದಿ. ಮತ್ತೆ ಗೀರು ಬಿದ್ರೆ ಬಿತ್ತು, ಉಜ್ಜಿ ಪಾಲಿಶ್ ಮಾಡೋಕೆ ಅಲ್ಲಿ ಮರ ಇಲ್ಲ.

ನಿಮ್ಮವರು ಕೇಳೋ ಒರಿಜಿನಲ್ ಮರ ಅಂದ್ರೆ ಫ್ಲಾಟಿಗೆ ಎಂಜಿನಿಯರ್ಡ್ ವುಡ್ಡೇ ಸರಿ. ಕೆಳಗೆ ಪ್ಲೈವುಡ್, ಮೇಲೆ 2ರಿಂದ 4 ಮಿಲಿಮೀಟರ್ ನಿಜವಾದ ಓಕ್ ಅಥವಾ ತೇಗ. ಪ್ಲೈ ಅಡ್ಡ ಉದ್ದ ಅಂಟಿಸಿರೋದ್ರಿಂದ ಇಡೀ ಮರದ ಹಲಗೆ ಅಷ್ಟು ಹಿಗ್ಗೋದು ಕುಗ್ಗೋದು ಮಾಡಲ್ಲ. ಮೇಲಿನ ಪದರ ದಪ್ಪ ಇದ್ರೆ ವರ್ಷಾಂತರದಲ್ಲಿ ಒಂದೆರಡು ಸಲ ಉಜ್ಜಿ ಹೊಸದು ಮಾಡ್ಕೋಬಹುದು. ಆದ್ರೆ ಲ್ಯಾಬ್ರಡಾರ್ ಉಚ್ಚೆ ಹೊಯ್ದು ನೀವು ಆಫೀಸಿಂದ ಬರೋ ತನಕ ಅಲ್ಲೇ ಇದ್ರೆ ಕಪ್ಪು ಕಲೆ ಖಂಡಿತ, ಅದು ಮರದ ಒಳಗೇ ಇಳಿದಿರತ್ತೆ.

ನಾನಾಗಿದ್ರೆ ಹಾಲ್ ಮತ್ತು ಡೈನಿಂಗ್‌ಗೆ ಎಸ್‌ಪಿಸಿ, ಬೆಡ್‌ರೂಮಿಗೆ ನಿಮ್ಮವರ ಆಸೆಯ ಎಂಜಿನಿಯರ್ಡ್, ಅಡುಗೆಮನೆ ದೇವರಮನೆ ಯುಟಿಲಿಟಿಯಲ್ಲಿ ಇರೋ ಟೈಲ್ಸೇ ಇರ್ಲಿ ಅಂತೀನಿ. ಅತ್ತೆಗೆ ಕಾಲು ತಣ್ಣಗಾಗೋದು ಎಸ್‌ಪಿಸಿಯಲ್ಲೂ ಕಡಿಮೆ ಆಗತ್ತೆ, ಮರದಷ್ಟು ಅಲ್ಲ. ಅವರು ಓಡಾಡೋ ಕಡೆ ಹೊಳೆಯೋ ಫಿನಿಶ್ ಬೇಡ, ಕೈಯಿಟ್ರೆ ತರಿತರಿ ಸಿಗೋ ಮ್ಯಾಟ್ ಆಯ್ಕೆ ಮಾಡಿ.

ಫಿಟಿಂಗ್ ದಿನ ನೀವು ಮನೇಲಿರಿ. ಗೋಡೆ ಸುತ್ತ 8ರಿಂದ 12 ಮಿಲಿಮೀಟರ್ ಸಂದಿ ಬಿಡ್ಬೇಕು, ಅದನ್ನ ಸ್ಕರ್ಟಿಂಗ್ ಮುಚ್ಚತ್ತೆ, ಸ್ಕರ್ಟಿಂಗನ್ನ ಗೋಡೆಗೆ ಹೊಡೀಬೇಕೇ ಹೊರತು ನೆಲಕ್ಕಲ್ಲ. ಸಂದಿ ಬಿಡದೆ ಗೋಡೆಗೆ ಒತ್ತಿಸಿ ಹಾಕಿದ್ರೆ ಮಳೆಗಾಲದಲ್ಲಿ ಹಾಲ್ ಮಧ್ಯೆ ನೆಲ ಎದ್ದು ನಿಲ್ಲತ್ತೆ. ಇನ್ನೊಂದು ಎಲ್ಲರೂ ಮರೆಯೋದು ಬಾಗಿಲು: ಉದಾಹರಣೆಗೆ 8 ಮಿಲಿಮೀಟರ್ ಹಲಗೆ, ಕೆಳಗೆ ಅಂಡರ್‌ಲೇ ಅನ್ನೋ 2 ಮಿಲಿಮೀಟರ್ ಫೋಮ್, ಅಂದ್ರೆ ನೆಲ ಒಂದು ಸೆಂಟಿಮೀಟರ್ ಮೇಲೆ ಬರತ್ತೆ, ಬಾಗಿಲು ಕೆಳಗೆ ಅಷ್ಟು ಜಾಗ ಇದ್ಯಾ ಈಗಲೇ ನೋಡ್ಕೊಳ್ಳಿ, ಇಲ್ಲಾಂದ್ರೆ ಎಲ್ಲಾ ಬಾಗಿಲೂ ಬಿಚ್ಚಿ ಹತ್ರಿ ಹೊಡಿಸ್ಬೇಕು. ರೇಟ್ ಕೇಳುವಾಗ ಅಂಡರ್‌ಲೇ, ಸ್ಕರ್ಟಿಂಗ್, ಪ್ರೊಫೈಲ್ ಪಟ್ಟಿ (ಎರಡು ನೆಲ ಸೇರೋ ಕಡೆ ಹಾಕೋದು), ಲೇಬರ್, ಜಿಎಸ್‌ಟಿ ಎಲ್ಲ ಸೇರಿ ಚದರಡಿಗೆ ಎಷ್ಟು ಅಂತ ಕೇಳಿ, ಬರೀ ಹಲಗೆ ರೇಟ್ ಕೇಳಿ ಖುಷಿ ಪಡ್ಬೇಡಿ. ಒಂದು ಬಾಕ್ಸ್ ಮಾಲು ಜಾಸ್ತಿ ತಗೊಂಡು ಅಟ್ಟದ ಮೇಲಿಟ್ಟಿರಿ, ಮುಂದೆ ಅದೇ ಡಿಸೈನ್ ಸಿಗಲ್ಲ.

ಪ್ರಶ್ನೆ: ಸರ್, ಹುಬ್ಬಳ್ಳಿ ಒಳಗ ನಮ್ಮ ಹೊಸ ಮನಿ ಕೆಲಸ ಮುಗಿಯಾಕ ಬಂದೈತಿ. ಕೆಳಗಿನ ಹಾಲ್‌ಗೆ ಮರದ ಫ್ಲೋರಿಂಗ್ ಹಾಕಸಬೇಕಂತ ಮಾಡೀವಿ. ನೆಲಕ್ಕ ಕಾಂಕ್ರೀಟ್ ಹಾಕಿ ಇನ್ನೂ ಮೂರು ವಾರ ಆಗೇತಿ. ಗೃಹಪ್ರವೇಶದ ಮುಹೂರ್ತ ಬಂದೇ ಬಿಟ್ಟೈತಿ, ಕಾಂಟ್ರಾಕ್ಟರ್ "ಏನೂ ಆಗಂಗಿಲ್ರಿ, ಹಾಕಿಬಿಡೂಣು" ಅಂತಾನ. ಹಾಕಸಬೇಕೋ ಬ್ಯಾಡೋ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬ್ಯಾಡ್ರಿ. ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ನೀರು ಇನ್ನೂ ಇರತ್ತೆ. ಕೆಲಸದವರು ಹೇಳೋ ಅಂದಾಜು ಲೆಕ್ಕ ಏನಂದ್ರೆ ಒಂದು ಮಿಲಿಮೀಟರಿಗೆ ಒಂದು ದಿನ, ಎರಡಿಂಚು ದಪ್ಪ ಇದ್ರೆ 50 ದಿನ, ಅದೂ ಗಾಳಿ ಆಡ್ತಾ ಇದ್ರೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿಟ್ಟ ಮನೇಲಿ ಇನ್ನೂ ಜಾಸ್ತಿ. ಆ ನೀರು ಮೇಲೆ ಬರ್ಲೇಬೇಕು, ಬರೋ ದಾರಿಗೆ ನೀವು ಮರ ಮುಚ್ಚಿದ್ರೆ ಮರಾನೇ ಅದನ್ನ ಕುಡಿಯತ್ತೆ, ಕೆಳಗಿನ ಮುಖ ಹಿಗ್ಗಿ ಹಲಗೆ ದೋಣಿ ತರ ಬಾಗತ್ತೆ.

ಕಾಂಟ್ರಾಕ್ಟರ್ ಜೊತೆ ವಾದ ಮಾಡೋದಕ್ಕಿಂತ ಅವನ ಎದುರಿಗೇ ಇದನ್ನ ಮಾಡಿ: ಒಂದೂವರೆ ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಕಡೆ ಗಾಳಿ ಹೋಗದ ಹಾಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಬಿಚ್ಚಿದಾಗ ಹಾಳೆ ಒಳಗೆ ಹನಿ ಇದ್ರೆ ಅಥವಾ ಕಾಂಕ್ರೀಟ್ ಅಷ್ಟೇ ಜಾಗ ಕಪ್ಪಗೆ ಕಂಡ್ರೆ ಇನ್ನೂ ಹಸಿ ಐತಿ ಅಂತ ಅವನಿಗೂ ತಿಳೀತದ. ಹಾಲಿನ ಮಧ್ಯ ಒಂದು, ಬಾತ್‌ರೂಮಿನ ಗೋಡೆ ಪಕ್ಕ ಒಂದು, ಎರಡು ಕಡೆ ಮಾಡಿ. ಆಮೇಲೆ ಹಾಕಿಸುವಾಗಲೂ ನೆಲಮಹಡಿ ಆದ್ರಿಂದ ಅಂಡರ್‌ಲೇ ಕೆಳಗೆ ಪಾಲಿಥಿನ್ ಶೀಟ್ ಇರ್ಲೇಬೇಕು, ಹಾಳೆ ಮೇಲೆ ಹಾಳೆ ಏಳೆಂಟು ಇಂಚು ಕೂಡಿ ಬರೋ ಹಾಗೆ.

ಮುಹೂರ್ತ ಮುಂದಕ್ಕೆ ಹಾಕೋದು ಬೇಡ. ಬರೀ ಕಾಂಕ್ರೀಟ್ ಮೇಲೇನೇ ಜಮಖಾನ ಹಾಸಿ ಗೃಹಪ್ರವೇಶ ಮುಗಿಸಿ. ನಿಜ ಹೇಳಬೇಕಂದ್ರೆ ಅದೇ ಒಳ್ಳೇದು. ಆಕಳು ಒಳಗ ಬರೋದು, ಹೋಮದ ಕಿಡಿ, ತುಪ್ಪ, ಹಾಲು ಉಕ್ಕಿಸೋದು, ಊಟದ ಪಂಕ್ತೀಲಿ ಸಾಂಬಾರು ಚೆಲ್ಲೋದು, ಇಷ್ಟೆಲ್ಲ ಒಂದೇ ದಿನ ಹೊಸ ಮರದ ನೆಲದ ಮೇಲೆ ಆಗೋದನ್ನ ನೀವು ನಿಂತು ನೋಡೋಕಾಗಲ್ಲ. ಎಲ್ಲ ಮುಗಿದು ನೆಂಟರು ಊರಿಗೆ ಹೋದ್ಮೇಲೆ ಆರಾಮಾಗಿ ಹಾಕಸ್ರಿ. ಹಲಗೆ ಬಾಕ್ಸ್‌ಗಳನ್ನ ಎರಡು ದಿನ ಮುಂಚೆನೇ ತಂದು ಅದೇ ಹಾಲಲ್ಲಿ ಮಲಗಿಸಿ ಇಡಿಸಿ, ಅಲ್ಲಿಯ ಹವೆಗೆ ಹೊಂದ್ಕೊಳ್ಳಲಿ.

ಪ್ರಶ್ನೆ: ಕುಂದಾಪುರದ ಹತ್ತಿರ ನಮ್ಮದು ಅಜ್ಜನ ಕಾಲದ ಮನೆ. ಉಪ್ಪರಿಗೆ ಪೂರಾ ಮರದ ಹಲಗೆ. ರಜೆಗೆ ಮಕ್ಕಳೆಲ್ಲ ಸೇರಿದರೆ ಮೇಲೆ ಓಡುವ ಶಬ್ದಕ್ಕೆ ಕೆಳಗೆ ಕೂರಲಿಕ್ಕೆ ಆಗುವುದಿಲ್ಲ. ಬೇಸಗೆಯಲ್ಲಿ ಹಲಗೆ ನಡುವೆ ಸಂದು ಬೀಳುತ್ತದೆ, ಧೂಳು ಕೆಳಗೆ ಅನ್ನದ ಬಟ್ಟಲಿಗೆ! ಕೆಲವು ಕಡೆ ಸಣ್ಣ ತೂತು, ಹಳದಿ ಹುಡಿ ಬೀಳುವುದೂ ಉಂಟು. ತಮ್ಮ ಎಲ್ಲ ಮುಚ್ಚಿ ಮೇಲೆ ಲ್ಯಾಮಿನೇಟ್ ಹಾಕುವ ಅನ್ನುತ್ತಾನೆ.
— ಕುಂದಾಪುರ ತಾಲೂಕು

ಉತ್ತರ: ತಮ್ಮನಿಗೆ ಸ್ವಲ್ಪ ತಡೀಲಿಕ್ಕೆ ಹೇಳಿ ಮಾರಾಯ್ರೆ. ಅಷ್ಟು ಹಳೇ ಹಲಗೆ ಇಷ್ಟು ವರ್ಷ ಕರಾವಳಿ ಮಳೆ ತಡ್ಕೊಂಡು ಬಾಳಿದ್ದಕ್ಕೆ ದೊಡ್ಡ ಕಾರಣ ಅದಕ್ಕೆ ಮೇಲೆ ಕೆಳಗೆ ಎರಡೂ ಕಡೆ ಗಾಳಿ ಸಿಗತ್ತೆ. ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿ ಲ್ಯಾಮಿನೇಟ್ ಮುಚ್ಚಿದ್ರೆ ಎಲ್ಲಾದ್ರೂ ಒಂದು ಹೆಂಚು ಸರಿದು ನೀರು ಇಳಿದ್ರೆ ಅದು ಒಳಗೇ ಉಳೀತದೆ, ನಿಮಗೆ ಗೊತ್ತಾಗೋಷ್ಟರಲ್ಲಿ ಹಲಗೆ ಕೊಳೆತು ಲಡ್ಡಾಗಿರತ್ತೆ.

ಮೊದಲು ಆ ಹುಡಿ ನೋಡಿ, ಅದೇ ಮುಖ್ಯ. ಬೆರಳಲ್ಲಿ ಉಜ್ಜಿದ್ರೆ ಮೈದಾ ಹಿಟ್ಟಿನ ತರವೋ ರವೆ ತರವೋ ಒಣಗಿದ ಹುಡಿ, ಮರದಲ್ಲಿ ಗುಂಡುಸೂಜಿ ತಲೆಯಷ್ಟು ದುಂಡಗಿನ ತೂತು ಇದ್ರೆ ಅದು ಕುಟ್ಟೆ ಹುಳ. ಮಾಮೂಲಿ ಮಣ್ಣಿನ ಗೆದ್ದಲಾದ್ರೆ ಹುಡಿ ಉದುರಲ್ಲ, ಮಣ್ಣಿನ ಗೆರೆ ಕಟ್ಕೊಂಡು ಗೋಡೆ ಮೇಲಿಂದ ಹತ್ತಿ ಬರತ್ತೆ. ಎರಡಕ್ಕೂ ಮದ್ದು ಬೇರೆ. ಈಗಿರೋ ಹುಡಿಯೆಲ್ಲ ಗುಡಿಸಿ ತೆಗೀರಿ, ತೂತಿನ ಕೆಳಗೆ ಕಪ್ಪು ಕಾಗದ ಇಟ್ಟು ಒಂದು ವಾರ ಬಿಡಿ. ಮತ್ತೆ ಹುಡಿ ಬಿದ್ರೆ ಹುಳ ಜೀವಂತ ಇರೋ ಸಾಧ್ಯತೆ ಜಾಸ್ತಿ, ಬೀಳದಿದ್ರೆ ಹೆಚ್ಚಾಗಿ ಹಳೇ ತೂತು. ಜೀವಂತ ಇದ್ರೆ ಪೆಸ್ಟ್ ಕಂಟ್ರೋಲ್‌ನವರಿಂದ ಬೋರೇಟ್ ಮದ್ದು ಹಾಕಿಸಬಹುದು, ಪಾಲಿಶ್ ಇಲ್ಲದ ಮರಕ್ಕೆ ಮಾತ್ರ ಅದು ಒಳಗೆ ಇಳಿಯೋದು. ಊರಲ್ಲಿ ಯಾರಾದ್ರೂ ಗೇರೆಣ್ಣೆ ಹಚ್ಚಿ ಅಂತ ಹೇಳಿಯೇ ಹೇಳ್ತಾರೆ, ದೋಣಿಗೆ, ಮಾಡಿನ ಪಕಾಸಿಗೆ (ಹೆಂಚು ಹೊರುವ ಮರಕ್ಕೆ) ಅದು ಒಳ್ಳೇದು, ಆದ್ರೆ ಮಕ್ಕಳು ಬರಿಗಾಲಲ್ಲಿ ಓಡುವ ನೆಲಕ್ಕೆ ಬೇಡ, ಗೇರುಬೀಜದ ಸಿಪ್ಪೆ ಎಣ್ಣೆ ಚರ್ಮ ಸುಡತ್ತೆ.

ಕಿರ್ ಅನ್ನೋ ಶಬ್ದಕ್ಕೆ ಕಾರಣ ಹೆಚ್ಚಾಗಿ ಸಡಿಲಾದ ಮೊಳೆ. ಹಲಗೆ ಮೇಲೆ ಕೆಳಗೆ ಆಡುವಾಗ ಮೊಳೆಯೂ ಮರವೂ ಉಜ್ಜಿ ಕಿರ್ ಅನ್ನತ್ತೆ. ಹಳೇ ಮೊಳೆ ಕೀಳಬೇಡಿ, ಕೀಳಲಿಕ್ಕೆ ಹೋದ್ರೆ ಹಲಗೆ ಸೀಳತ್ತೆ, ಅದರ ಪಕ್ಕದಲ್ಲೇ ಸಣ್ಣ ತೂತು ಕೊರೆದು ಜಂತಿಗೆ ಹಿಡಿಯೋ ಹಾಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕ್ಸಿ, ತಲೆ ಒಳಗಿಳಿಸಿ. ಸಮುದ್ರದ ಹವೆಗೆ ಮಾಮೂಲಿ ಸ್ಕ್ರೂ ಬೇಗ ತುಕ್ಕು ಹಿಡೀತದೆ. ಹಲಗೆ ಹಲಗೆ ಉಜ್ಜಿ ಬರೋ ಶಬ್ದಕ್ಕೆ ಸಂದಿಗೆ ಟಾಲ್ಕಂ ಪೌಡರ್ ಉದುರಿಸಿ, ನಗಬೇಡಿ, ಸುಮಾರು ದಿನ ಕೆಲಸ ಮಾಡತ್ತೆ.

ಸಂದು ಮಾತ್ರ ಪುಟ್ಟಿ ಹಾಕಿ ತುಂಬಿಸಬೇಡಿ. ಏಪ್ರಿಲಲ್ಲಿ ಕಾಣೋ ಸಂದು ಜುಲೈಯಲ್ಲಿ ಮುಚ್ಚಿಕೊಳ್ಳತ್ತೆ, ಮರ ಅಡ್ಡಕ್ಕೆ ಹಿಗ್ಗೋದು. ಬೇಸಗೇಲಿ ಗಟ್ಟಿ ತುಂಬಿಸಿದ್ರೆ ಮಳೆಗಾಲದಲ್ಲಿ ಹಿಗ್ಗಲಿಕ್ಕೆ ಜಾಗ ಇಲ್ಲದೆ ಹಲಗೆ ಏಳತ್ತೆ, ಇಲ್ಲಾ ಪುಟ್ಟಿ ಪುಡಿಯಾಗಿ ಮತ್ತೆ ಬಟ್ಟಲಿಗೇ ಬೀಳತ್ತೆ. ಊಟ ಮಾಡೋ ಜಾಗದ ಮೇಲಷ್ಟೇ ಕೆಳಗಿನಿಂದ ಜಂತಿ ನಡುವೆ ತೆಳು ಪ್ಲೈ ಪಟ್ಟಿ ಹೊಡೆಸಿ, ಧೂಳೂ ನಿಲ್ಲತ್ತೆ, ಶಬ್ದವೂ ಸ್ವಲ್ಪ ಕಮ್ಮಿ. ವರ್ಷಕ್ಕೊಮ್ಮೆ ಅದನ್ನ ಬಿಚ್ಚಿ ಒಳಗೆ ನೋಡೋ ಹಾಗೆ ಸ್ಕ್ರೂನಲ್ಲೇ ಹಾಕ್ಸಿ.

ಪ್ರಶ್ನೆ: ಮಂಗಳವಾರ ಶುಕ್ರವಾರ ಕಲ್ಲುಪ್ಪು ಹಾಕಿ ನೆಲ ಒರ್ಸೋ ಪದ್ಧತಿ ನಮ್ಮನೇಲಿದೆ, ಉಳಿದ ದಿನ ಫಿನಾಯಿಲ್. ಲ್ಯಾಮಿನೇಟ್ ಹಾಕ್ಸಿದ್ಮೇಲೆ ಎಷ್ಟು ಒರೆಸಿದ್ರೂ ಬೆಳ್ಳಗೆ ಮಂಕು ಮಂಕು ಕಾಣತ್ತೆ, ಯಾಕೆ?
— ದಾವಣಗೆರೆ

ಉತ್ತರ: ನೀವು ಒರೆಸೋ ನೀರಿಗೆ ಹಾಕ್ತಿರೋದೇ ನೆಲದ ಮೇಲೆ ಕೂತಿರೋದು. ನೀರು ಆರಿದ್ಮೇಲೆ ಉಪ್ಪು ಅಲ್ಲೇ ಉಳೀತದೆ, ಜೊತೆಗೆ ಅದು ಗಾಳಿಯ ತೇವ ಎಳ್ಕೊಳ್ಳತ್ತೆ. ಫಿನಾಯಿಲ್ ಕೂಡ ಒಂದು ಪೊರೆ ಬಿಡತ್ತೆ, ಸೋಪಿನ ಪುಡಿ ಇನ್ನೂ ಕೆಟ್ಟದ್ದು. ಟೈಲ್ಸ್ ಆದ್ರೆ ಬಕೆಟ್ ನೀರು ಸುರಿದು ತೊಳೀಬಹುದು, ಇದನ್ನ ತೊಳೆಯೋ ಹಾಗಿಲ್ಲವಲ್ಲ. ಬರೀ ನೀರಲ್ಲಿ ಮೈಕ್ರೋಫೈಬರ್ ಬಟ್ಟೆ ಚೆನ್ನಾಗಿ ಹಿಂಡಿ, ಹಿಂಡಿದ್ರೆ ಒಂದು ಹನಿಯೂ ಬೀಳಬಾರ್ದು ಹಾಗೆ, ಒಂದೊಂದೇ ಜಾಗ ಎರಡು ಮೂರು ಸಲ ಒರೆಸಿ ಒಣಬಟ್ಟೇಲಿ ಎಳೀರಿ, ಪೊರೆ ಬಿಟ್ಕೊಳ್ಳತ್ತೆ. ಆಮೇಲೆ ದಿನಾ ಪೊರಕೆ ಅಥವಾ ಒಣ ಮಾಪ್ ಸಾಕು, ವಾರಕ್ಕೆರಡು ಸಲ ಹಿಂಡಿದ ಬಟ್ಟೆ, ಬೇಕಂದ್ರೆ ಲ್ಯಾಮಿನೇಟಿಗೆ ಅಂತಲೇ ಇರೋ ಕ್ಲೀನರ್ ಡಬ್ಬಿ ಮೇಲೆ ಹೇಳಿದಷ್ಟು. ಉಪ್ಪು ಬಿಡಕ್ಕಾಗಲ್ಲ ಅಂದ್ರೆ ಹೊಸ್ತಿಲು, ಅಡುಗೆಮನೆಯ ಟೈಲ್ಸ್‌ವರೆಗೆ ಮಾಡಿ.

ಪ್ರಶ್ನೆ: ನ್ಯೂಜೆರ್ಸಿಲಿ ಹಳೇ ಮನೆ ತಗೊಂಡಿದೀವಿ, ಪೂರ್ತಿ ಓಕ್ ಹಾರ್ಡ್‌ವುಡ್. ಚಳಿಗಾಲ ಬಂದ್ರೆ ಹಲಗೆ ಮಧ್ಯೆ ಕಾಸು ತೂರೋ ಅಷ್ಟು ಸಂದಿ. ಅಮ್ಮ ಬಂದಿದಾರೆ, ಅವರಿಗೆ ದಿನಾ ಒದ್ದೆ ಬಟ್ಟೇಲಿ ಒರೆಸದಿದ್ರೆ ಮನೆ ಕ್ಲೀನ್ ಅನ್ಸಲ್ಲ, ಜೊತೆಗೆ ದೇವರ ಮುಂದೆ ಅರಿಶಿನ ಕುಂಕುಮ, ದೀಪದ ಎಣ್ಣೆ. ಆನ್‌ಲೈನಲ್ಲಿ ವಿನೆಗರ್ ಹಾಕಿ ಅಂತಾರೆ, ಸ್ಟೀಮ್ ಮಾಪ್ ಅಂತಾರೆ.
— ಎಡಿಸನ್, ನ್ಯೂಜೆರ್ಸಿ

ಉತ್ತರ: ಎರಡೂ ಬೇಡ. ವಿನೆಗರ್ ಆಸಿಡ್, ದಿನ ಕಳೆದಂತೆ ಪಾಲಿಶ್ ಮಂಕು ಮಾಡತ್ತೆ. ಸ್ಟೀಮ್ ಅಂದ್ರೆ ಬಿಸಿ ನೀರಾವಿಯನ್ನ ನೀವೇ ಒತ್ತಿ ಸಂದಿಗೆ ಕಳ್ಸಿದ ಹಾಗೆ.

ಸಂದಿಗೆ ಕಾರಣ ಹೀಟರ್. ಹೊರಗಿನ ಕೊರೆಯೋ ಗಾಳಿ ಒಳಗೆ ಬಂದು ಬಿಸಿಯಾದ್ರೆ ಮನೆಯ ತೇವ ವಿಪರೀತ ಇಳಿದುಹೋಗತ್ತೆ, ಮರ ಕುಗ್ಗತ್ತೆ. ಗಾಳಿಯ ತೇವ ಅಳೆಯೋ ಒಂದು ಚಿಕ್ಕ ಹೈಗ್ರೋಮೀಟರ್ ತಂದಿಡಿ, ಹ್ಯೂಮಿಡಿಫೈಯರ್ ಹಾಕಿ ತೇವಾಂಶ 35ರಿಂದ 50 ಪರ್ಸೆಂಟ್ ಒಳಗೆ ಇರೋ ಹಾಗೆ ನೋಡ್ಕೊಳ್ಳಿ. ಬೇಸಿಗೇಲಿ ಸಂದಿ ತಾನಾಗೇ ಮುಚ್ಚಿದ್ರೆ ಚಿಂತೆ ಬಿಡಿ, ಮುಚ್ಚದಿದ್ರೆ ಮಾತ್ರ ಯಾರಿಗಾದ್ರೂ ತೋರಿಸಿ. ಮುಕ್ಕಾಲು ಇಂಚಿನ ಗಟ್ಟಿ ಓಕ್ ಆದ್ರೆ ಹಲವು ಸಲ ಉಜ್ಜಿ ಹೊಸದು ಮಾಡಬಹುದು, ಅದು ಈ ಊರಿನ ಯಾವ ಲ್ಯಾಮಿನೇಟಿಗೂ ಇಲ್ಲದ ಭಾಗ್ಯ. ಈಗ ಪಾಲಿಶ್ ಉಳಿದಿದ್ಯಾ ನೋಡೋಕೆ ಓಡಾಟದ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಗುಂಡಗೆ ಕೂತ್ರೆ ಸರಿ, ಕೆಲವೇ ನಿಮಿಷದಲ್ಲಿ ಮರ ಕಪ್ಪಗಾದ್ರೆ ಪಾಲಿಶ್ ಸವೆದಿದೆ, ಅಂಥ ಜಾಗಕ್ಕೆ ಒದ್ದೆ ಬಟ್ಟೆ ತಾಗಿಸಲೇಬೇಡಿ.

ಅಮ್ಮನಿಗೆ ಬೇಡ ಅನ್ನೋದ್ರ ಬದಲು ಕೈಗೆ ಸ್ಪ್ರೇ ಬಾಟಲ್ ಇರೋ ಮಾಪ್ ಕೊಟ್ಟು ಬಕೆಟನ್ನ ಗರಾಜಲ್ಲಿಡಿ. ದೇವರ ಮುಂದೆ ಒಂದು ಅಗಲವಾದ ಸ್ಟೀಲ್ ಅಥವಾ ಹಿತ್ತಾಳೆ ತಟ್ಟೆ, ಅದರೊಳಗೆ ದೀಪ, ರಂಗೋಲಿಯನ್ನ ಮಣೆ ಮೇಲೆ. ಅರಿಶಿನದ ಕಲೆ ಬಿದ್ರೆ ಗಾಬರಿಯಾಗಿ ಬ್ಲೀಚ್ ಹಾಕ್ಬೇಡಿ, ಒರೆಸಿ ಬಿಸಿಲು ಬೀಳೋಕೆ ಬಿಡಿ, ಅರಿಶಿನದ ಬಣ್ಣಕ್ಕೆ ಬಿಸಿಲು ಆಗಲ್ಲ, ದಿನೇ ದಿನೇ ಮಸುಕಾಗತ್ತೆ. ಕುಂಕುಮ ಹಾಗಲ್ಲ, ಒಣಗಿದ್ದಾಗಲೇ ಬ್ರಷಲ್ಲಿ ಗುಡಿಸಿ ತೆಗೀರಿ, ಒದ್ದೆ ಮಾಡಿದ್ರೆ ಹರಡತ್ತೆ.

ಪ್ರಶ್ನೆ: ತೇಗದ ನೆಲ, ಮೈಸೂರಲ್ಲಿ. ಡೈನಿಂಗ್ ಚೇರ್ ಎಳೆದೂ ಎಳೆದೂ ಗೀರು. ಪೂರ್ತಿ ಪಾಲಿಶ್ ಮಾಡಿಸ್ಬೇಕಾ?
— ಕುವೆಂಪುನಗರ, ಮೈಸೂರು

ಉತ್ತರ: ಮೊದಲು ಚೇರ್ ಕಾಲಿಗೆ ಫೆಲ್ಟ್ ಪ್ಯಾಡ್ ಹಾಕ್ಸಿ, ಅಂಟಿಸೋದಲ್ಲ, ಮೊಳೆ ಇರೋದು, ಅಂಟು ನಮ್ಮ ಸೆಕೆಗೆ ಜಾರಿ ಹೋಗತ್ತೆ. ಆಗಾಗ ಪ್ಯಾಡ್ ತಿರುಗಿಸಿ ನೋಡಿ, ಅದರೊಳಗೆ ಒಂದು ಮರಳಿನ ಕಣ ಸಿಕ್ಕಿ ಹಾಕ್ಕೊಂಡ್ರೆ ಪ್ಯಾಡೇ ಸ್ಯಾಂಡ್‌ಪೇಪರ್ ಆಗತ್ತೆ. ಚಪ್ಪಲಿ ಹೊರಗೆ ಬಿಡೋ ನಮ್ಮ ಅಭ್ಯಾಸ ಮರದ ನೆಲಕ್ಕೆ ದೊಡ್ಡ ಉಪಕಾರ, ಬಾಗಿಲ ಹೊರಗೊಂದು ಒಳಗೊಂದು ಮ್ಯಾಟ್ ಇದ್ರೆ ಇನ್ನೂ ಒಳ್ಳೇದು. ಗೀರಿನ ಮೇಲೆ ಉಗುರು ಎಳೆದಾಗ ತಡೀದೆ ಹೋದ್ರೆ ಅದು ಪಾಲಿಶ್‌ನಲ್ಲಷ್ಟೇ ಇದೆ, ತೇಗದ ಬಣ್ಣದ ವ್ಯಾಕ್ಸ್ ಸ್ಟಿಕ್ ಸಾಕು. ಉಗುರು ಸಿಕ್ಕಿಕೊಂಡ್ರೆ ಮರಕ್ಕೇ ಇಳಿದಿದೆ. ಎಣ್ಣೆ ಪಾಲಿಶ್ ನೆಲ ಆದ್ರೆ ಅಷ್ಟು ಜಾಗ ಮಾತ್ರ ಉಜ್ಜಿ ಎಣ್ಣೆ ಹಚ್ಚಬಹುದು, ಪಿಯು (ಪಾಲಿಯುರೆಥೇನ್) ಪಾಲಿಶ್ ಆದ್ರೆ ತೇಪೆ ಎದ್ದು ಕಾಣತ್ತೆ, ಆ ಕೋಣೆ ಪೂರ್ತಿ ಮಾಡಿಸ್ಬೇಕು. ಮಕ್ಕಳು ದೊಡ್ಡವರಾಗೋ ತನಕ ಕಾದು ಒಂದೇ ಸಲ ಮಾಡ್ಸಿ ಅನ್ನೋದು ನನ್ನ ಸಲಹೆ.

ಪ್ರಶ್ನೆ: ಕಲಬುರಗಿ ಬಿಸಿಲಿಗಿ ಎಸ್‌ಪಿಸಿ ನಡೀತದೇನ್ರೀ? ಪಶ್ಚಿಮಕ್ಕ ದೊಡ್ಡ ಗ್ಲಾಸ್ ಕಿಟಕಿ ಅದ.
— ಕಲಬುರಗಿ

ಉತ್ತರ: ಆ ಕಿಟಕಿ ಎದುರು ಬ್ಯಾಡ್ರಿ. ಪ್ಲಾಸ್ಟಿಕ್ ಬಿಸಿಗೆ ಹಿಗ್ಗತ್ತೆ, ಗ್ಲಾಸ್ ಹಿಂದೆ ಮಧ್ಯಾಹ್ನದ ಬಿಸಿಲು ಸೀದಾ ಬಿದ್ರೆ ಜಾಯಿಂಟ್ ಎದ್ದು ನಿಲ್ಲಬಹುದು, ಬಣ್ಣವೂ ಅಲ್ಲಷ್ಟೇ ಮಾಸತ್ತೆ. ಹಾಕಲೇಬೇಕು ಅಂದ್ರೆ ದಪ್ಪ ಪರದೆ, ಗೋಡೆ ಸುತ್ತ ಪೂರ್ತಿ ಸಂದಿ. ಅದಕ್ಕಿಂತ 200 ಬೈ 1200 ಮಿಲಿಮೀಟರಿನ ಮರದ ಡಿಸೈನಿನ ವಿಟ್ರಿಫೈಡ್ ಟೈಲ್ಸ್ ಹಾಕಸ್ರಿ, ನೋಡೋಕೆ ಹಲಗೆ ತರ, ಒರೆಸೋಕೆ ಟೈಲ್ಸ್ ತರ. ಇನ್ನು ಶಹಾಬಾದ್ ಕಲ್ಲು ಮನೆ ಪಕ್ಕದಲ್ಲೇ ಸಿಗೋ ಊರವರು ನೀವು, ನಿಮ್ಮ ಬೇಸಿಗೆಗೆ ಅದರಷ್ಟು ತಂಪು ಇನ್ನೊಂದಿಲ್ಲ, ನನ್ನ ಕೇಳಿದ್ರೆ ಬೆಡ್‌ರೂಮ್ ಒಂದಕ್ಕೆ ಮರದ ಆಸೆ ತೀರಿಸ್ಕೊಂಡು ಉಳಿದ ಕಡೆ ಕಲ್ಲೇ ಇರ್ಲಿ.